ಬೆಳಗ್ಗೆ ಹಠ ಮಾಡುವ ಟೈಪ್‌ರೈಟರ್ ಕ್ಯಾರೇಜ್, ಮಧ್ಯಾಹ್ನ ಸರಿಹೋಗುತ್ತದೆ. ಏನಿದು?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಅಜ್ಜನ ಟೈಪ್‌ರೈಟರನ್ನು ಅಟ್ಟದಿಂದ ಇಳಿಸಿದ್ದೇನೆ. ಗೋದ್ರೆಜ್ ಪ್ರೈಮಾ, ಕನ್ನಡದ್ದು. ಅಜ್ಜ ರಿಜಿಸ್ಟ್ರಾರ್ ಕಚೇರಿ ಹೊರಗೆ ಕೂತು ಕ್ರಯಪತ್ರ, ಪಾಲುಪತ್ರ ಟೈಪ್ ಮಾಡುತ್ತಿದ್ದರು. ಅವರು ಹೋದ ಮೇಲೆ ಇದು ಅಡಿಕೆ ಚೀಲಗಳ ಹಿಂದೆ ಹದಿನಾರು ಮಳೆಗಾಲ ಕಳೆದಿದೆ. ಕೆಳಗೇ ಬಚ್ಚಲೊಲೆ, ಹಾಗಾಗಿ ಹೊಗೆಯೂ ಚೆನ್ನಾಗಿ ಕುಡಿದಿದೆ.

ಸಾಲಿನ ಮೊದಲರ್ಧ ಸರಾಗ. ಸ್ಕೇಲಿನಲ್ಲಿ 45 ದಾಟಿದ ಮೇಲೆ ಕಾಗದ ಹೊತ್ತು ಸರಿಯುವ ಕ್ಯಾರೇಜ್ ತಡವರಿಸುತ್ತದೆ. ಅಕ್ಷರದ ಮೇಲೆ ಅಕ್ಷರ ಬೀಳುತ್ತದೆ. ಸಾಲಿನ ಕೊನೆಗೆ ‘ತೀರ್ಥಹಳ್ಳಿ’ ಬಂದರೆ ‘ಹಳ್ಳಿ’ ಒಂದು ಕಪ್ಪು ಮುದ್ದೆ. ಬೆರಳಲ್ಲಿ ಎಡಕ್ಕೆ ಸ್ವಲ್ಪ ತಳ್ಳಿದರೆ ಮುಂದೆ ಹೋಗುತ್ತದೆ. ಇದೆಲ್ಲ ಬೆಳಗ್ಗೆ ಜಾಸ್ತಿ. ಮಧ್ಯಾಹ್ನ ಊಟ ಮಾಡಿ ಬಂದು ಕೂತರೆ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತದೆ! ಮನೆಯವರು ಅಜ್ಜನೂ ಹೀಗೇ ಇದ್ದರು ಅಂತ ನಗುತ್ತಾರೆ.

ಬ್ರಷ್‌ನಿಂದ ಧೂಳು ತೆಗೆದೆ, ಹೊಸ ರಿಬ್ಬನ್ ಹಾಕಿದೆ, ಕ್ಯಾರೇಜ್ ಜಾರುವ ರೈಲಿಗೆ ಸ್ವಲ್ಪ ಎಣ್ಣೆ ಬಿಟ್ಟೆ. ಇನ್ನೇನು ಮಾಡಲಿ?

ಉತ್ತರ 1 (ಭದ್ರಾವತಿಯಿಂದ)

ಸ್ಪ್ರಿಂಗ್ ಸೋತಿದೆ. ಹಿಂದೆ ಇರುವ ಡ್ರಮ್ಮನ್ನು ಮೂರ್ನಾಲ್ಕು ಸುತ್ತು ಬಿಗಿ ಮಾಡಿ, ಓಡುತ್ತದೆ.

ಉತ್ತರ 2 (ಸಾಗರದಿಂದ)

ದಯವಿಟ್ಟು ಡ್ರಮ್ ಮುಟ್ಟಬೇಡಿ, ಈಗಲೇ ಬೇಡ. ನಾನು ಇಪ್ಪತ್ತೆರಡು ವರ್ಷ ಟೈಪಿಂಗ್ ಕ್ಲಾಸಿನ ಮಷಿನ್‌ಗಳನ್ನು ನೋಡಿಕೊಂಡವನು. ಜೂನಿಯರ್ ಪರೀಕ್ಷೆ ಹತ್ತಿರ ಬಂದಾಗ ದಿನಕ್ಕೆರಡು ಕ್ಯಾರೇಜ್ ನಿಲ್ಲುತ್ತಿದ್ದವು. ಸ್ಪ್ರಿಂಗ್‌ನಿಂದಲೇ ನಿಂತದ್ದು ಅದರಲ್ಲಿ ಕೈಬೆರಳೆಣಿಕೆ.

ಭದ್ರಾವತಿಯವರು ಹೇಳಿದ್ದು ಸುಳ್ಳಲ್ಲ. ಕ್ಯಾರೇಜನ್ನು ಎಡಕ್ಕೆ ಎಳೆಯುವುದು ಆ ಡ್ರಮ್ಮಿನೊಳಗಿನ ಸ್ಪ್ರಿಂಗೇ. ನೀವು ಲಿವರ್ ಹಿಡಿದು ಕ್ಯಾರೇಜನ್ನು ಬಲಕ್ಕೆ ತಳ್ಳಿದಾಗ ಅದು ಬಿಗಿಯಾಗುತ್ತದೆ, ಸಾಲು ಮುಗಿಯುವ ಹೊತ್ತಿಗೆ ಸಡಿಲವಾಗುತ್ತದೆ. ಹಾಗಾಗಿ ಎಳೆತ ತೀರಾ ಕಡಿಮೆ ಇರುವುದು ಸಾಲಿನ ಕೊನೆಯಲ್ಲೇ. ಎಲ್ಲೋ ಜಿಗುಟು ಇದ್ದರೂ ಮೊದಲು ತೋರುವುದು ಅಲ್ಲೇ. ಬಿಗಿ ಮಾಡಿದರೆ ಓಡುತ್ತದೆ ನಿಜ, ಆದರೆ ಜಿಗುಟು ಒಳಗೇ ಉಳಿಯುತ್ತದೆ. ಡ್ರಮ್ಮನ್ನು ಕ್ಯಾರೇಜಿಗೆ ಕಟ್ಟಿದ ಪಟ್ಟಿ ಕೈ ಜಾರಿದರೆ ಸ್ಪ್ರಿಂಗ್ ಬುರ್ರನೆ ಬಿಚ್ಚಿಕೊಂಡು ತುಂಡಾಗಲೂಬಹುದು. ಆಮೇಲೆ ಅದಕ್ಕೆ ಸ್ಪ್ರಿಂಗ್ ಹುಡುಕುತ್ತಾ ಊರೂರು ಅಲೆಯಬೇಕು.

ಒಂದು ಪರೀಕ್ಷೆ ಮಾಡಿ. ಕ್ಯಾರೇಜಿನ ತುದಿಯಲ್ಲಿ ಬಿಡುಗಡೆ ಲಿವರ್ ಇದೆಯಲ್ಲ, ಅದನ್ನು ಒತ್ತಿಕೊಂಡು ಕೈಯಲ್ಲೇ ಅತ್ತಿಂದಿತ್ತ ಸರಿಸಿ. ಒತ್ತಿದಾಗ ಹಲ್ಲಿನ ಚಕ್ರದ ಹಿಡಿತ ತಪ್ಪಿರುತ್ತದೆ. ಆಗಲೂ ಭಾರ ಅನಿಸಿದರೆ ತೊಂದರೆ ರೈಲಿನಲ್ಲಿ. ಹಗುರವಾಗಿ ಜಾರಿದರೆ ಚಕ್ರದಲ್ಲಿ, ಅಥವಾ ಅದರ ಹಲ್ಲು ಹಿಡಿದು ಬಿಡುವ ಡಾಗ್‌ನಲ್ಲಿ. ಸ್ಪೇಸ್ ಬಾರ್ ಒತ್ತಿಯೂ ನೋಡಿ, ಅದಕ್ಕೆ ಕ್ಯಾರೇಜ್ ಸರಿಯಲೇಬೇಕು. ಕನ್ನಡ ಮಷಿನ್‌ನಲ್ಲಿ ಕೆಲವು ಕೀ ಒತ್ತಿದರೆ ಕ್ಯಾರೇಜ್ ಸರಿಯಲೇಬಾರದು, ಅವು ಡೆಡ್ ಕೀ. ಹೊಸಬರು ಅದನ್ನೇ ಕಾಯಿಲೆ ಅಂದುಕೊಂಡು ನನ್ನ ಹತ್ತಿರ ಓಡಿ ಬರುತ್ತಿದ್ದರು.

ಇನ್ನೊಂದು ಮಾತು. ರೈಲಿಗೆ ಬಿಟ್ಟ ಎಣ್ಣೆ ಯಾವುದು?

ಪ್ರಶ್ನೆ ಕೇಳಿದವರು

ಲಿವರ್ ಒತ್ತಿದರೂ ಭಾರವೇ. ಎಡಕ್ಕೆ ಹೋದಷ್ಟೂ ಅಂಟಂಟು.

ಎಣ್ಣೆ... ಕೊಬ್ಬರಿ ಎಣ್ಣೆ. ಮನೆಯಲ್ಲಿ ಇದ್ದದ್ದು ಅದೇ. ಹೊಲಿಗೆ ಮಷಿನ್‌ಗೂ ಅಮ್ಮ ಅದನ್ನೇ ಬಿಡುತ್ತಾರೆ.

ಉತ್ತರ 2 (ಸಾಗರದಿಂದ)

ಈಗ ಸಿಕ್ಕಿತು ನೋಡಿ. ನಿಮ್ಮ ಮನೆಯ ತಲೆಗೆ ಹಚ್ಚುವ ಎಣ್ಣೆ ಬಾಟಲಿ ಈ ಚಳಿಯಲ್ಲಿ ಬೆಳಗ್ಗೆ ಹೇಗಿರುತ್ತದೆ? ಬೆಣ್ಣೆಯಂತೆ ಗಟ್ಟಿ, ಬಚ್ಚಲೊಲೆ ಪಕ್ಕ ಇಟ್ಟು ಕರಗಿಸಬೇಕು. ಅಲ್ವಾ? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಿಮ್ಮ ರೈಲಿನಲ್ಲೂ ಅದೇ ಆಗಿದೆ. ಮಧ್ಯಾಹ್ನ ಕರಗುತ್ತದೆ, ಕ್ಯಾರೇಜ್ ಓಡುತ್ತದೆ. ಅದಕ್ಕೆ ಹದಿನಾರು ವರ್ಷದ ಮಸಿ ಬೇರೆ ಸೇರಿದೆ.

ಪೇಂಟ್ ಅಂಗಡಿಯಲ್ಲಿ ಮಿನರಲ್ ಟರ್ಪಂಟೈನ್ ತನ್ನಿ. ಕಿಟಕಿ ತೆಗೆದಿಡಿ, ಒಲೆ ಹತ್ತಿರ ಮಾತ್ರ ಕೂರಬೇಡಿ. ಕ್ಯಾರೇಜನ್ನು ಒಂದು ತುದಿಗೆ ಪೂರ್ತಿ ಸರಿಸಿ, ಕಾಣುವ ರೈಲನ್ನು ಹತ್ತಿ ಬಟ್ಟೆಯಿಂದ ಒರೆಸಿ. ಆಮೇಲೆ ಇನ್ನೊಂದು ತುದಿಗೆ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಬಿಡಬೇಡಿ. ರಬ್ಬರ್ ರೋಲರಿಗೆ ತಾಗಿಸಬೇಡಿ, ಹಾಳಾಗುತ್ತದೆ. ಕ್ಯಾರೇಜನ್ನು ಕಳಚುವ ಆಸೆಯೂ ಬೇಡ, ಅದರ ಸಣ್ಣ ಗುಂಡುಗಳು ಒಮ್ಮೆ ಮಂಚದಡಿ ಉರುಳಿದರೆ ಮುಗಿಯಿತು. ಕೊನೆಗೆ ಹೊಲಿಗೆ ಮಷಿನ್ ಎಣ್ಣೆ, ಅಂಗಡಿಯದ್ದು, ಸೂಜಿ ಮೊನೆಯಲ್ಲಿ ನಿಲ್ಲುವಷ್ಟು. ಅಕ್ಷರದ ಕಡ್ಡಿಗಳು ಕೂರುವ ಸೀಳುಗಳಿಗೆ ಎಣ್ಣೆಯೇ ಬೇಡ.

ಉತ್ತರ 3 (ಹೊಸನಗರದಿಂದ)

ಒರೆಸುವಾಗ ಅಡಿಭಾಗಕ್ಕೂ ಟಾರ್ಚ್ ಬಿಡಿ. ನಮ್ಮದರಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಸರಿಯಾಗಿ ಪಟ್ಟಿ ಹಾಯುವ ಜಾಗದಲ್ಲಿ. ನಾನು ಎರಡು ವಾರ ಸ್ಪ್ರಿಂಗ್ ಬೈದೆ.

ಪ್ರಶ್ನೆ ಕೇಳಿದವರು

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಕಣಜದ ಗೂಡು ಇರಲಿಲ್ಲ. ಒಂದು ಗುಂಡುಪಿನ್ನು ಮತ್ತು ಅರ್ಧ ಹೋಳು ಅಡಿಕೆ ಸಿಕ್ಕಿತು, ಅಜ್ಜ ಎಲೆಯಡಿಕೆ ಹಾಕುತ್ತಲೇ ಟೈಪ್ ಮಾಡುತ್ತಿದ್ದರಲ್ಲ. ಹಳೇ ಪಂಚೆ ತುಂಡು ಮೂರು ಕಪ್ಪಾದವು. ಮೊದಲ ದಿನ ಏನೂ ವ್ಯತ್ಯಾಸ ಕಾಣದೆ ಡ್ರಮ್ ಮೇಲೆ ಕೈ ಹೋಗಿತ್ತು, ಸಾಗರದವರ ಮಾತು ನೆನಪಾಗಿ ಬಿಟ್ಟೆ. ಎರಡನೇ ಸಲ ಹಿಂದಿನ ರೈಲು ಒರೆಸಿದಾಗ ಕೈಗೇ ಗೊತ್ತಾಯಿತು. ಲಿವರ್ ಒತ್ತಿದ ಕೂಡಲೇ ಕ್ಯಾರೇಜ್ ತಾನಾಗಿ ಎಡಕ್ಕೆ ಓಡಿತು, ಬೆಕ್ಕು ಹೆದರಿ ಜಗಲಿಗೆ ಹಾರಿತು.

ಇವತ್ತು ಬೆಳಗ್ಗೆ ಆರೂವರೆಗೆ, ಮಂಜು ಇರುವಾಗಲೇ, ಸಾಲಿನ ಕೊನೆಯಲ್ಲಿ ‘ತೀರ್ಥಹಳ್ಳಿ’ ಹೊಡೆದೆ. ಎಲ್ಲ ಅಕ್ಷರ ಬಿಡಿಬಿಡಿಯಾಗಿ ಬಂತು.

ಸಾಲು ಮುಗಿಯುತ್ತಿದೆ ಎನ್ನುವ ಬೆಲ್ ಮಾತ್ರ ಹೊಡೆಯುತ್ತಿಲ್ಲ. ಅದಕ್ಕೂ ಎಣ್ಣೆ ಬಿಟ್ಟಿದ್ದೆ.