ಟಿವಿಯೊಂದಿಗೆ ಕೊಂಡ ಕೇಬಲ್‌ಗೆ ಅಷ್ಟೊಂದು ಬೆಲೆ ಏಕೆ?

ಪ್ರಶ್ನೆ: ಕಳೆದ ವಾರ ಮೈಸೂರಿನ ಒಂದು ದೊಡ್ಡ ಮಳಿಗೆಯಲ್ಲಿ 43 ಇಂಚಿನ ಟಿವಿ ಕೊಂಡಾಗ, ಸೆಟ್‌ಟಾಪ್ ಬಾಕ್ಸ್‌ಗೆ ಒಳ್ಳೆಯ ಕೇಬಲ್ ಬೇಕೇ ಬೇಕು ಎಂದು ಹೇಳಿ ಚಿತ್ರ, ಧ್ವನಿ ಎರಡನ್ನೂ ಟಿವಿಗೆ ಒಯ್ಯುವ ಎರಡು ಮೀಟರಿನ ಎಚ್‌ಡಿಎಂಐ ಕೇಬಲನ್ನು ₹1,299ಕ್ಕೆ ಕೊಟ್ಟರು. ಪೊಟ್ಟಣದ ಮೇಲೆ ಎಂ.ಆರ್.ಪಿ. ₹2,499 ಎಂದಿದ್ದುದರಿಂದ ಅರ್ಧ ಬೆಲೆಗೆ ಸಿಕ್ಕಿತೆಂದೇ ಭಾವಿಸಿದ್ದೆ. ನನ್ನ ತಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಷ್ಟೇ ಉದ್ದದ ಕೇಬಲನ್ನು ₹250ಕ್ಕೆ ತಂದಿದ್ದಾನೆ; ಎರಡರಲ್ಲೂ ಚಿತ್ರ ಒಂದೇ ರೀತಿ ಕಾಣುತ್ತದೆ. ಈ ವ್ಯಾಪಾರದಲ್ಲಿರುವವರು ದಯವಿಟ್ಟು ತಿಳಿಸಿ, ನಾನು ಮೋಸ ಹೋದೆನೇ?

ಉತ್ತರ: ನಮಸ್ಕಾರ. ನಾನು ಬಹಳ ವರ್ಷಗಳಿಂದ ಕೇಬಲ್, ಚಾರ್ಜರ್‌ಗಳ ಸಗಟು ವ್ಯಾಪಾರದಲ್ಲಿದ್ದೇನೆ. ಕಾನೂನಿನ ಪ್ರಕಾರ ನಿಮಗೆ ಮೋಸವಾಗಿಲ್ಲ, ಆದರೆ ಅಗತ್ಯಕ್ಕಿಂತ ಬಹಳ ಹೆಚ್ಚು ಕೊಟ್ಟಿದ್ದೀರಿ.

ಟಿವಿಯ ಬೆಲೆಯನ್ನು ಗ್ರಾಹಕರು ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ಹೋಲಿಸಿ ನೋಡುತ್ತಾರೆ, ಆದ್ದರಿಂದ ಅದರಲ್ಲಿ ಅಂಗಡಿಗೆ ಉಳಿಯುವುದು ಕಡಿಮೆ; ಕೇಬಲ್‌ನ ಬೆಲೆಯನ್ನು ಆ ಹೊತ್ತಿನಲ್ಲಿ ಯಾರೂ ವಿಚಾರಿಸುವುದಿಲ್ಲವಾದ್ದರಿಂದ ಮಳಿಗೆಯ ಬಾಡಿಗೆ, ಸಂಬಳ, ವಿದ್ಯುತ್ತಿನ ಖರ್ಚಿನ ಒಂದು ಪಾಲನ್ನು ಕೇಬಲ್, ಗೋಡೆಗೆ ಹಾಕುವ ಸ್ಟ್ಯಾಂಡ್, ಹೆಚ್ಚುವರಿ ವಾರಂಟಿ ಇವುಗಳ ಮೇಲೆ ಹೇರಲಾಗುತ್ತದೆ. ನೀವು ಕೊಟ್ಟ ₹1,299ರಲ್ಲಿ ಶೇ. 18ರ ಜಿಎಸ್‌ಟಿ ಸುಮಾರು ₹198. ಉಳಿದ ₹1,100ರಲ್ಲಿ ಸರಕಿನ ಅಸಲು ಚಿಕ್ಕ ಭಾಗ.

ಎಂ.ಆರ್.ಪಿ.ಯನ್ನು ನೋಡಿ ಬೆಲೆ ಅಳೆಯಬೇಡಿ. ಪೊಟ್ಟಣದ ಸರಕುಗಳ ಬಗ್ಗೆ 2011ರಲ್ಲಿ ಬಂದ ಕಾನೂನು ಮಾಪನಶಾಸ್ತ್ರ ನಿಯಮಗಳು ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆಯನ್ನು ಮುದ್ರಿಸಬೇಕು, ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎನ್ನುತ್ತವೆ. ಆದರೆ ಕೇಬಲ್‌ನಂತಹ ಸರಕಿಗೆ ಆ ಅಂಕಿಯನ್ನು ನಿಗದಿ ಮಾಡುವವರು ತಯಾರಕರು ಅಥವಾ ಆಮದುದಾರರೇ. ₹2,499 ಎಂದು ಮುದ್ರಿಸಿದವರಿಗೆ ₹1,299ಕ್ಕೆ ಮಾರಿದರೂ ತುಂಬು ಲಾಭವಿರುತ್ತದೆ.

ಚಿತ್ರದ ವಿಷಯದಲ್ಲಿ ನಿಮ್ಮ ಕಣ್ಣು ಸರಿಯಾಗಿಯೇ ಹೇಳಿದೆ. ಎಚ್‌ಡಿಎಂಐ ಡಿಜಿಟಲ್ ಸಂಕೇತವನ್ನು ಒಯ್ಯುತ್ತದೆ; ಕೇಬಲ್ ಕೆಟ್ಟದ್ದಾದರೆ ಪರದೆಯ ಮೇಲೆ ಚುಕ್ಕೆಗಳು ಮಿನುಗುತ್ತವೆ ಅಥವಾ ಚಿತ್ರವೇ ಮಾಯವಾಗುತ್ತದೆ, ಬಣ್ಣ ಮಾತ್ರ ಮಂಕಾಗುವುದಿಲ್ಲ. ಚಿನ್ನದ ಲೇಪ ಕನೆಕ್ಟರ್ ಕಿಲುಬು ಹಿಡಿಯದಂತೆ ಕಾಪಾಡುತ್ತದೆ. ಮಂಗಳೂರಿನಂತಹ ಕರಾವಳಿಯ ಊರಿನಲ್ಲಿ ಅದು ಉಪಯುಕ್ತ, ಆದರೆ ಚಿತ್ರಕ್ಕೆ ಹೊಳಪು ತರುವುದಿಲ್ಲ. ಸೆಟ್‌ಟಾಪ್ ಬಾಕ್ಸ್‌ಗೆ ನಿಮ್ಮ ತಮ್ಮ ತಂದ ಕೇಬಲ್ ಸಾಕು. ವಿಡಿಯೊ ಗೇಮ್ ಸಾಧನದಿಂದ 4ಕೆ (ಅತಿ ಸ್ಪಷ್ಟ) ಚಿತ್ರವನ್ನು ಸೆಕೆಂಡಿಗೆ 120 ಚೌಕಟ್ಟುಗಳಲ್ಲಿ (ಫ್ರೇಮ್) ನೋಡಬೇಕಾದರೆ ಮಾತ್ರ ಸೆಕೆಂಡಿಗೆ 48 ಗಿಗಾಬಿಟ್ ವೇಗದ ‘ಅಲ್ಟ್ರಾ ಹೈ ಸ್ಪೀಡ್’ ಕೇಬಲ್ ಕೊಳ್ಳಿ, ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದಾದ ಪ್ರಮಾಣೀಕರಣದ ಲೇಬಲ್ ಪೊಟ್ಟಣದ ಮೇಲಿದೆಯೇ ನೋಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಹಾಗಾದರೆ ಮೊಬೈಲ್ ಚಾರ್ಜಿಂಗ್ ಕೇಬಲ್‌ನಲ್ಲಿಯೂ ಅಗ್ಗದ್ದನ್ನೇ ಕೊಳ್ಳಬಹುದೇ, ಸರ್?

ಉತ್ತರ: ಇಲ್ಲ, ಅಲ್ಲಿ ಲೆಕ್ಕ ಬೇರೆ. ಚಾರ್ಜಿಂಗ್ ಕೇಬಲ್‌ನಲ್ಲಿ ವಿದ್ಯುತ್ ಹರಿಯಬೇಕು, ಹಾಗಾಗಿ ಒಳಗಿನ ತಾಮ್ರದ ದಪ್ಪವೇ ಮುಖ್ಯ. 28 ಗೇಜಿನ ತೆಳು ತಂತಿಯ ಒಂದು ಮೀಟರ್ ಕೇಬಲ್‌ನಲ್ಲಿ 2 ಆಂಪಿಯರ್ ಹರಿದರೆ, ಹೋಗುವ ಬರುವ ತಂತಿಗಳೆರಡೂ ಸೇರಿ ಸುಮಾರು 0.85 ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. ಗೇಜಿನ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ; 24 ಗೇಜಿನ ತಂತಿಯಲ್ಲಿ ಆ ನಷ್ಟ ಸುಮಾರು 0.34 ವೋಲ್ಟ್. 5 ವೋಲ್ಟ್‌ನಲ್ಲಿ ಚಾರ್ಜ್ ಆಗುವ ಫೋನಿಗೆ ಈ ವ್ಯತ್ಯಾಸ ದೊಡ್ಡದು. ಇನ್ನೂ ಅಗ್ಗದವುಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ, ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ, ಏಕೆಂದರೆ ಹೊರಗಿನಿಂದ ನೋಡಿದವರಿಗೆ ತಿಳಿಯುವುದೇ ಇಲ್ಲ. ಲ್ಯಾಪ್‌ಟಾಪ್‌ಗೆ 60 ವಾಟ್ ಮೀರಿದ ಟೈಪ್-ಸಿ ಕೇಬಲ್ ಬೇಕಾದರೆ ಅದರೊಳಗೆ ತಾನು ಎಷ್ಟು ವಿದ್ಯುತ್ ತಾಳಬಲ್ಲೆನೆಂದು ಚಾರ್ಜರ್‌ಗೆ ತಿಳಿಸುವ ಗುರುತಿನ ಚಿಪ್ ಇರಲೇಬೇಕು, ಅದಕ್ಕೆ ಹೆಚ್ಚು ಬೆಲೆ ಕೊಡುವುದು ನ್ಯಾಯ.

ಚಾರ್ಜರ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಅದರ ಮೇಲಿರುವ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಪೆಟ್ಟಿಗೆಯ ಮೇಲಿನ ತಯಾರಕರ ಹೆಸರೇ ಬರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಂಡು ಹಣ ಕೊಡಿ.