ಅಮೆರಿಕದ ದಿವಾಳಿ ಮೇಲ್ವಿಚಾರಣಾ ಕಚೇರಿಯಲ್ಲಿ ಪ್ಯಾರಾಲೀಗಲ್ ಇಂಟರ್ನ್‌ಶಿಪ್: ಕೇಳಿದ್ದು, ಹೇಳಿದ್ದು

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿಯಿಂದ ಒಬ್ಬ ತಾಯಿ): ನಮಸ್ಕಾರ ಮೇಡಂ. ನನ್ನ ಮಗಳು ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಪ್ಯಾರಾಲೀಗಲ್ (ವಕೀಲರ ಸಹಾಯಕರ) ಕೋರ್ಸ್ ಓದುತ್ತಿದ್ದಾಳೆ. ನ್ಯೂವಾರ್ಕ್‌ನ ಯು.ಎಸ್. ಟ್ರಸ್ಟಿ ಕಚೇರಿಯಲ್ಲಿ ಇಂಟರ್ನ್ ಆಗಲು ಅರ್ಜಿ ಹಾಕುತ್ತಾಳಂತೆ. ಸಂಬಳ ಇಲ್ಲ. ಕಡತ ಜೋಡಿಸುವುದು ಬಿಟ್ಟು ಅಲ್ಲಿ ಕಲಿಯುವುದೇನಿದೆ? ದಿವಾಳಿ ಎದ್ದವರ ಸಹವಾಸ ನಮಗೇಕೆ ಎಂದು ಅವಳ ಅಪ್ಪನ ತಕರಾರು ಬೇರೆ.

ಉತ್ತರ (ದಿವಾಳಿ ಪ್ರಕರಣಗಳ ವಕೀಲರ ಕಚೇರಿಯಲ್ಲಿ ಪ್ಯಾರಾಲೀಗಲ್): ಮೊದಲು ತಕರಾರಿಗೆ ಉತ್ತರಿಸುತ್ತೇನೆ. ಯು.ಎಸ್. ಟ್ರಸ್ಟಿ ಕಚೇರಿ ದಿವಾಳಿಯಾದವರ ಪರವಲ್ಲ, ಸಾಲ ಕೊಟ್ಟವರ ಪರವೂ ಅಲ್ಲ, ನ್ಯಾಯಾಲಯಕ್ಕೆ ಸೇರಿದ್ದೂ ಅಲ್ಲ. ಅದು ನ್ಯಾಯ ಇಲಾಖೆಯ ಒಂದು ಅಂಗ. 1978ರ ಕಾಯಿದೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 1986ರ ಕಾಯಿದೆಯಿಂದ ದೇಶಕ್ಕೆಲ್ಲ ವಿಸ್ತರಿಸಿತು. ಅಲಬಾಮಾ ಮತ್ತು ನಾರ್ತ್ ಕ್ಯಾರೊಲಿನಾ ಮಾತ್ರ ಹೊರಗುಳಿದಿವೆ. ಯಾರಾದರೂ ಆಸ್ತಿ ಬಚ್ಚಿಟ್ಟಿದ್ದಾರೆಯೇ, ವಕೀಲರು ಮಿತಿಮೀರಿ ಶುಲ್ಕ ಪಡೆದಿದ್ದಾರೆಯೇ, ಒಂದೊಂದು ಪ್ರಕರಣವನ್ನು ನಡೆಸುವ ಖಾಸಗಿ ಟ್ರಸ್ಟಿಗಳು ಲೆಕ್ಕ ಸರಿಯಾಗಿ ಇಟ್ಟಿದ್ದಾರೆಯೇ ಎಂದು ನೋಡುವುದು ಅದರ ಕೆಲಸ. ಇನ್ನು ದಿವಾಳಿ ಎದ್ದವರು: ನನ್ನ ಮೇಜಿಗೆ ಬರುವ ಅರ್ಜಿಗಳಲ್ಲಿ ಆಸ್ಪತ್ರೆಯ ಬಿಲ್ಲು, ಹೋದ ಕೆಲಸ, ಮುರಿದ ಮದುವೆ ಇವೇ ಹೆಚ್ಚು. ಮೋಸಗಾರರು ಅಪರೂಪ. ನಿಮ್ಮ ಯಜಮಾನರಿಗೆ ಇಷ್ಟು ಹೇಳಿ.

ಕಲಿಯುವುದೇನು ಎಂದರೆ, ಕಾಗದ ಓದುವುದನ್ನು. ಚಾಪ್ಟರ್ 7 (ಇರುವ ಆಸ್ತಿ ಮಾರಿ ಸಾಲ ತೀರಿಸಿ, ಉಳಿದದ್ದನ್ನು ಮನ್ನಾ ಮಾಡುವ ದಿವಾಳಿ ಬಗೆ) ಅರ್ಜಿದಾರರ ಆದಾಯವನ್ನು ಅಳೆಯಲು 2005ರ ತಿದ್ದುಪಡಿ ತಂದ ‘ಮೀನ್ಸ್ ಟೆಸ್ಟ್’ ಎಂಬ ಲೆಕ್ಕವಿದೆ. ಸೆಪ್ಟೆಂಬರ್‌ನಲ್ಲಿ ಅರ್ಜಿ ಸಲ್ಲಿಸಿದರೆ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆದಾಯದ ಸರಾಸರಿ ತೆಗೆದು, 12ರಿಂದ ಗುಣಿಸಿ, ಅಷ್ಟೇ ಜನರ ಕುಟುಂಬಕ್ಕೆ ಆ ರಾಜ್ಯದಲ್ಲಿರುವ ಮೀಡಿಯನ್ ಆದಾಯದೊಂದಿಗೆ (ಕುಟುಂಬಗಳನ್ನು ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮೊತ್ತ) ಹೋಲಿಸುತ್ತಾರೆ. ಸಂಬಳದ ಚೀಟಿಗಳಲ್ಲಿ ಮೇ ತಿಂಗಳದೊಂದು ಇಲ್ಲ ಎಂದುಕೊಳ್ಳಿ. ಪ್ರತಿ ಚೀಟಿಯ ಮೂಲೆಯಲ್ಲಿ ಜನವರಿಯಿಂದ ಅಲ್ಲಿಯವರೆಗಿನ ಒಟ್ಟು ಮೊತ್ತ ಇರುತ್ತದೆ. ಮುಂದಿನ ಚೀಟಿಯ ಒಟ್ಟು ಮೊತ್ತದಿಂದ ಆ ಚೀಟಿಯದೇ ಸಂಬಳವನ್ನೂ, ಹಿಂದಿನ ಚೀಟಿಯ ಒಟ್ಟು ಮೊತ್ತವನ್ನೂ ಕಳೆಯಿರಿ. ಉಳಿದದ್ದೇ ಕಾಣೆಯಾದ ಚೀಟಿಯ ಹಣ. ಅದು ಉಳಿದ ಚೀಟಿಗಳಿಗಿಂತ ಮೂರು ಪಟ್ಟು ಇದ್ದರೆ ಬೋನಸ್ ಬಂದಿದೆ, ಚೀಟಿ ಸುಮ್ಮನೆ ಕಾಣೆಯಾಗಿಲ್ಲ ಎಂಬ ಅನುಮಾನ ಹುಟ್ಟುತ್ತದೆ. ಇಂಥ ಕಳೆಯುವ ಲೆಕ್ಕವನ್ನೇ ಇಂಟರ್ನ್ ಕೈಗೆ ಕೊಡುವುದು. ಪುಸ್ತಕದಲ್ಲಿ ಇದು ಸಿಗುವುದಿಲ್ಲ.

ಗಡುವುಗಳೂ ಹಾಗೆಯೇ. ಸಾಲ ಕೊಟ್ಟವರ ಮೊದಲ ಸಭೆಯ ನಂತರ 10 ದಿನಗಳೊಳಗೆ, ಅರ್ಜಿದಾರರು ಕಾನೂನಿನ ದುರುಪಯೋಗ ಮಾಡುತ್ತಿರುವಂತೆ ಕಾಣುತ್ತದೆಯೇ ಎಂಬ ಹೇಳಿಕೆಯನ್ನು ಕಚೇರಿ ನ್ಯಾಯಾಲಯಕ್ಕೆ ಸಲ್ಲಿಸಬೇಕು. ಕಾಣುತ್ತದೆ ಎಂದಾದರೆ ಮುಂದಿನ 30 ದಿನಗಳೊಳಗೆ ಪ್ರಕರಣ ವಜಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಏಕೆ ಹಾಕುತ್ತಿಲ್ಲ ಎಂದು ತಿಳಿಸಬೇಕು. ಆ ಸಭೆಗೆ ನ್ಯಾಯಾಧೀಶರು ಬರುವಂತಿಲ್ಲ, ಕಾನೂನೇ ತಡೆದಿದೆ. ಈಗ ಹೆಚ್ಚಿನವು ಜೂಮ್‌ನಲ್ಲಿ ನಡೆಯುತ್ತವೆ.

ಸಂಬಳವಿಲ್ಲದ ದುಡಿಮೆಯ ಬಗ್ಗೆ ನನಗೂ ಸಿಟ್ಟಿದೆ. ರೈಲಿನ ಪಾಸ್, ಊಟ ಎಲ್ಲ ಮನೆಯ ಖರ್ಚು. ಅನುಕೂಲವಿರುವವರ ಮಕ್ಕಳೇ ಇಂಥಲ್ಲಿಗೆ ಹೋಗಬಲ್ಲರು. ಕಾಲೇಜು ಕ್ರೆಡಿಟ್ ಕೊಡುತ್ತದೆಯೇ ಎಂದು ಮೊದಲೇ ಕೇಳಲಿ. ಇಂಟರ್ನ್ ಬೇಕೆಂಬ ಪ್ರಕಟಣೆಗಳು ಹೆಚ್ಚಾಗಿ ಕಾನೂನು ಪದವಿಯ ವಿದ್ಯಾರ್ಥಿಗಳಿಗಾಗಿಯೇ ಇರುತ್ತವೆ, ಆದ್ದರಿಂದ ಪ್ಯಾರಾಲೀಗಲ್ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಆ ಕಚೇರಿಗೇ ಪತ್ರ ಬರೆಯಲಿ. ಬೆರಳಚ್ಚು, ಹಿನ್ನೆಲೆ ತಪಾಸಣೆ ಇರುವುದರಿಂದ ಬೇಸಿಗೆಗೆ ಸೇರಬೇಕಾದರೆ ಚಳಿಗಾಲದಲ್ಲೇ ಕೇಳಿಕೊಳ್ಳುವುದು ಒಳ್ಳೆಯದು. ಅರ್ಜಿಯಲ್ಲಿ ‘ನ್ಯಾಯದ ಬಗ್ಗೆ ಅಪಾರ ಆಸಕ್ತಿ’ ಎಂದೆಲ್ಲ ಬರೆಯುವುದು ಬೇಡ. ಎಕ್ಸೆಲ್ ಬರುತ್ತದೆ, ಲೆಕ್ಕಪತ್ರದ ಒಂದು ವಿಷಯ ಓದಿದ್ದೇನೆ ಎಂದು ಬರೆದರೆ ಓದುವವರು ಅಲ್ಲಿ ನಿಲ್ಲುತ್ತಾರೆ.

ಮರುಪ್ರಶ್ನೆ (ಅದೇ ತಾಯಿ): ತುಂಬಾ ಧನ್ಯವಾದ ಮೇಡಂ. ನಮ್ಮ ಕಡೆಯವರ ದಿವಾಳಿ ಅರ್ಜಿಯೇ ಅವಳ ಮೇಜಿಗೆ ಬಂದರೆ?

ಉತ್ತರ: ಬರಬಹುದು. ಗುರುತಿನವರಾದರೆ ತಕ್ಷಣ ಮೇಲಿನವರಿಗೆ ತಿಳಿಸಿ ಆ ಕಡತದಿಂದ ದೂರ ಸರಿಯಬೇಕು, ಮನೆಯಲ್ಲಿ ಬಾಯಿ ಬಿಡಬಾರದು. ನಿಮ್ಮ ಹತ್ತಿರವೂ, ದೇವಸ್ಥಾನದ ಊಟದ ಸಾಲಿನಲ್ಲೂ. ಬೇರೆ ವಕೀಲರ ಬಳಿ ಅರೆಕಾಲಿಕ ಕೆಲಸ ಮಾಡುತ್ತಿದ್ದರೆ ಅದನ್ನೂ ಮುಂಚೆಯೇ ಹೇಳಬೇಕು.

ನೀವು ಕೇಳಿದ್ದಕ್ಕೆ ಇನ್ನೊಂದು ಮಾತು. ಅರ್ಜಿಯ ‘ಶೆಡ್ಯೂಲ್ ಎ/ಬಿ’ಯಲ್ಲಿ ಆಸ್ತಿ ಎಲ್ಲೇ ಇದ್ದರೂ ತೋರಿಸಬೇಕು. ಮೈಸೂರಿನ ಪಿತ್ರಾರ್ಜಿತ ಮನೆಯಲ್ಲಿ ಪಾಲಾಗದೆ ಉಳಿದ ಹಕ್ಕು ಕೂಡ ಅದರಲ್ಲಿ ಬರುತ್ತದೆ. ‘ಅದು ಅಪ್ಪನ ಹೆಸರಿನಲ್ಲಿದೆ, ನನ್ನದೇನಲ್ಲ’ ಎಂದು ನಮ್ಮವರು ಬಿಟ್ಟುಬಿಡುತ್ತಾರೆ. ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಒಬ್ಬರಿಗೆ 600 ಡಾಲರ್‌ಗಿಂತ ಹೆಚ್ಚು ಉಡುಗೊರೆ ಕೊಟ್ಟಿದ್ದರೆ ಅದನ್ನೂ ಬರೆಯಬೇಕು. ಊರಿಗೆ ತಂಗಿಯ ಮದುವೆಗೆಂದು ಕಳಿಸಿದ ಹಣವೂ ಇದರಲ್ಲಿ ಸೇರುತ್ತದೆ. ಬೇಕೆಂದೇ ಮುಚ್ಚಿಟ್ಟರೆ ಸಾಲಮನ್ನಾ ಕೈತಪ್ಪಬಹುದು, ಕ್ರಿಮಿನಲ್ ಪ್ರಕರಣವೂ ಆಗಬಹುದು.

ಪ್ರಶ್ನೆ (ಡಲ್ಲಾಸ್‌ನಿಂದ ವಿದ್ಯಾರ್ಥಿ): ನಾನು ಎಫ್-1 ವೀಸಾದಲ್ಲಿದ್ದೇನೆ. ನನಗೆ ಅವಕಾಶ ಇದೆಯೇ?

ಉತ್ತರ: ನ್ಯಾಯ ಇಲಾಖೆಯ ಹುದ್ದೆಗಳಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಕೇಳುತ್ತಾರೆ, ಆ ಬಾಗಿಲನ್ನು ನಂಬಿ ಕೂರಬೇಡಿ. ಚಾಪ್ಟರ್ 7 ಪ್ರಕರಣಗಳನ್ನು ನಡೆಸುವ ಟ್ರಸ್ಟಿಗಳು ಸರ್ಕಾರಿ ನೌಕರರಲ್ಲ, ಖಾಸಗಿಯವರು. ಅವರ ಕಚೇರಿಗಳಲ್ಲಿ ಇದೇ ಕಾಗದಗಳನ್ನು ಇನ್ನೊಂದು ಬದಿಯಿಂದ ನೋಡಬಹುದು. ಸಂಬಳ ಇಲ್ಲದಿದ್ದರೂ ಸರಿ, ಸೇರುವ ಮೊದಲು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿ, ಅನುಮತಿ ಬೇಕೆಂದರೆ ಲಿಖಿತವಾಗಿಯೇ ಪಡೆಯಿರಿ.

ಪ್ರಶ್ನೆ (ಹುಬ್ಬಳ್ಳಿಯಿಂದ ಕಾನೂನು ವಿದ್ಯಾರ್ಥಿನಿ): ಮೇಡಂ, ನಮ್ಮಲ್ಲಿ ಇಂಥದ್ದು ಎಲ್ಲಿ ಸಿಗುತ್ತದೆ?

ಉತ್ತರ: ನಿಮ್ಮಲ್ಲಿ 2016ರ ದಿವಾಳಿ ಸಂಹಿತೆಯ ಕೆಳಗೆ ಐಬಿಬಿಐ ಎಂಬ, ದಿವಾಳಿ ವ್ಯವಹಾರಗಳ ಮೇಲ್ವಿಚಾರಣೆಯ ಮಂಡಳಿ ಇದೆ. ಕಂಪನಿಗಳ ಪ್ರಕರಣಗಳು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯಲ್ಲಿ ನಡೆಯುತ್ತವೆ, ಅದರ ಒಂದು ಪೀಠ ಬೆಂಗಳೂರಿನಲ್ಲಿದೆ. ಮಂಡಳಿಯಲ್ಲಿ ನೋಂದಾಯಿತರಾದ ಒಬ್ಬ ದಿವಾಳಿ ವೃತ್ತಿಪರರ ಬಳಿ ಸೇರಿ, ಸಾಲ ಕೊಟ್ಟವರು ಸಲ್ಲಿಸುವ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ ಕೇಳಿ. ಅದು ಸಿಗದಿದ್ದರೆ ಪೀಠದ ಮುಂದೆ ವಾದಿಸುವ ವಕೀಲರನ್ನು ಕೇಳಿ.