ದಸರಾ ರಜೆಯ ಬುತ್ತಿ: ಡಯಟಿಷಿಯನ್ ಮೇಡಂಗೆ ಕೇಳಿ

ಅಡ್ಮಿನ್: ದಸರಾ ರಜೆ ಶುರುವಾಯ್ತು. ಮೈಸೂರು, ನಂದಿ ಬೆಟ್ಟ, ಬನ್ನೇರುಘಟ್ಟ ಅಂತ ಎಲ್ಲರೂ ಹೊರಟಿದ್ದೀರಿ. ಕಡಿಮೆ ಖರ್ಚಲ್ಲಿ ಹೊಟ್ಟೆ ತುಂಬೋ ಬುತ್ತಿ ಬಗ್ಗೆ ನಮ್ಮ ಗುಂಪಿನ ಡಯಟಿಷಿಯನ್ ಮೇಡಂ ಇವತ್ತು ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಜಯನಗರದ ಸದಸ್ಯೆ: ನಮಸ್ಕಾರ ಮೇಡಂ. ಮಂಗಳವಾರ ಬನ್ನೇರುಘಟ್ಟಕ್ಕೆ ಹೋಗ್ತಿದ್ದೀವಿ, ಐದು ಜನ. ಚಿತ್ರಾನ್ನ ಬಿಟ್ಟು ಏನು ಒಯ್ಯಬಹುದು?

ಡಯಟಿಷಿಯನ್: ನಮಸ್ಕಾರ. ಮಂಗಳವಾರ ಅಲ್ಲಿ ವಾರದ ರಜೆ. ದಸರಾ ಅಂತ ತೆರೆದಿರ್ತಾರಾ, ವಿಚಾರಿಸಿಕೊಂಡು ಹೊರಡಿ. ಊಟಕ್ಕೆ ಚಪಾತಿ, ಶೇಂಗಾ ಚಟ್ನಿಪುಡಿ, ಏಲಕ್ಕಿ ಬಾಳೆಹಣ್ಣು. ಚಪಾತಿ ಆರಿದ ಮೇಲೆ ಪೇರಿಸಿ, ಬಿಸಿಯಲ್ಲೇ ಮುಚ್ಚಿದ್ರೆ ಬೆವರುತ್ತೆ. ಹುರಿದ ಕಡ್ಲೆಕಾಯಿ ಬೀಜ ಜೊತೆಗಿರಲಿ. ನೂರು ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಮಕ್ಕಳಿಗೆ ಬೇಗ ಹಸಿವಾಗಲ್ಲ. ತೀರಾ ಚಿಕ್ಕ ಮಕ್ಕಳಿಗೆ ಮಾತ್ರ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ವಿಜಯನಗರದ ಸದಸ್ಯೆ: ಮೇಡಂ, ಹೋದ ರಜೇಲಿ ಮೈಸೂರಿಗೆ ಹೋಗಿದ್ವಿ. ಬೆಳಿಗ್ಗೆ ನಾಲ್ಕಕ್ಕೆ ಹೊರಡಬೇಕು ಅಂತ ರಾತ್ರಿ ಹತ್ತಕ್ಕೇ ದೊಡ್ಡ ಪಾತ್ರೇಲಿ ಅನ್ನ ಮಾಡಿ ಕಟ್ಟೆ ಮೇಲೆ ಮುಚ್ಚಿಟ್ಟಿದ್ದೆ. ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಕಲಸಿದೆ. ಮಧ್ಯಾಹ್ನ ಒಂದೂವರೆಗೆ ತಿಂದ್ವಿ. ನಾಲ್ಕು ಗಂಟೆಯೊಳಗೆ ಮಕ್ಕಳಿಬ್ಬರಿಗೂ ಮೈದುನನಿಗೂ ವಾಂತಿ. ಅತ್ತೆ ಚಪಾತಿ ಮಾತ್ರ ತಿಂದಿದ್ರು, ಅವರಿಗೇನೂ ಆಗಲಿಲ್ಲ. ಮನೇಲಿ ಎಲ್ಲರೂ ದೃಷ್ಟಿ ಅಂದ್ರು, ಕಾರಿನ ವಾಂತಿ ಅಂದ್ರು. ಈ ಸಲವೂ ಹೋಗ್ತಿದ್ದೀವಿ.

ಡಯಟಿಷಿಯನ್: ನಿಮ್ಮದಕ್ಕೆ ಉದ್ದ ಬರೀತೀನಿ, ಎಲ್ಲರೂ ಓದಿ. ಕಾರಿನ ವಾಂತಿ ಗಾಡಿ ಓಡುವಾಗ ಬರುತ್ತೆ, ಒಂದೇ ಊಟ ತಿಂದ ಮೂವರನ್ನ ಹುಡುಕಿಕೊಂಡು ಬರಲ್ಲ. ಚಪಾತಿ ತಿಂದವರು ಚೆನ್ನಾಗಿದ್ರು ಅಂದ್ರೆ ನನ್ನ ಅನುಮಾನ ಅನ್ನದ ಮೇಲೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಇರ್ತವೆ. ಅನ್ನ ಬೆಂದರೂ ಅವು ಸಾಯಲ್ಲ. ದೊಡ್ಡ ಪಾತ್ರೇಲಿ ಮುಚ್ಚಿಟ್ಟ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತೆ, ಆಗ ಅವು ಮೊಳೆತು ಬೆಳೆದು ವಿಷ ಬಿಡ್ತವೆ. ಆ ವಿಷ ಕುಕ್ಕರಿನ ಬಿಸಿಗೂ ಜಗ್ಗಲ್ಲ, ಒಗ್ಗರಣೆಗೆ ಎಲ್ಲಿ ಜಗ್ಗುತ್ತೆ? ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ರುಚಿ, ವಾಸನೆ ಏನೂ ಬದಲಾಗಿರಲ್ಲ, ಅದಕ್ಕೇ ಮೂಸಿ ನೋಡಿ ತೀರ್ಮಾನ ಮಾಡೋ ಹಾಗಿಲ್ಲ.

ಬೇಯಿಸಿದ್ದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಸೆಖೆ 32 ಡಿಗ್ರಿ ದಾಟಿದ್ರೆ ಒಂದೇ ಗಂಟೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಅದಕ್ಕಿಂತ ಬಿಸಿ. ಹಾಗಾಗಿ ಈ ಸಲ ಕ್ರಮ ತಿರುಗಿಸಿ. ಬೆಳಿಗ್ಗೆ ಮಾಡಿದ ಚಿತ್ರಾನ್ನ ದಾರಿಯ ತಿಂಡಿಗೆ, ಎರಡು ಗಂಟೆಯೊಳಗೆ ಖಾಲಿ. ಮಧ್ಯಾಹ್ನಕ್ಕೆ ಒಣ ಬುತ್ತಿ. ಅನ್ನವೇ ಬೇಕು ಅಂದ್ರೆ ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ ಕಾಯಿಸಿ, ಚೆಲ್ಲಿ, ಕುದಿ ಬಿಸಿ ಬಿಸಿಬೇಳೆಬಾತ್ ತುಂಬಿ. ಬಡಿಸುವಾಗ ಹೊಗೆಯಾಡ್ತಿರಬೇಕು, ಉಗುರುಬೆಚ್ಚಗಿದ್ರೆ ತಿನ್ನಬೇಡಿ. ಯಾರಿಗಾದ್ರೂ ವಾಂತಿ ಶುರುವಾದ್ರೆ ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಮಗು ಮಂಕಾದ್ರೆ, ಗಂಟೆಗಟ್ಟಲೆ ಉಚ್ಚೆ ಹೊಯ್ಯದಿದ್ರೆ, ವಾಂತಿ ನಿಲ್ಲದಿದ್ರೆ ನೇರ ಆಸ್ಪತ್ರೆಗೆ.

ವಿಜಯನಗರದ ಸದಸ್ಯೆ: ಕೈಕಾಲು ತಣ್ಣಗಾಯ್ತು ಮೇಡಂ. ಹಾಗೇ ಮಾಡ್ತೀನಿ.

ಮಲ್ಲೇಶ್ವರದ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ: ಅನ್ನಕ್ಕೆ ಚಿಟಿಕೆ ಅಡುಗೆ ಸೋಡಾ, ಡಬ್ಬಿಯೊಳಗೆ ಹೆಚ್ಚಿದ ಈರುಳ್ಳಿ. ಎರಡು ದಿನ ಕೆಡಲ್ಲವಂತೆ.

ಡಯಟಿಷಿಯನ್: ಹಾಕಬೇಡಿ. ಹುಳಿ ಇದ್ರೆ ಬ್ಯಾಕ್ಟೀರಿಯಾ ಬೆಳೆಯೋದು ನಿಧಾನ. ಸೋಡಾ ಆ ಹುಳಿಯನ್ನೇ ಕೊಲ್ಲುತ್ತೆ. ಈರುಳ್ಳಿ ಯಾವ ಕ್ರಿಮಿಯನ್ನೂ ಎಳೆದುಕೊಳ್ಳಲ್ಲ. ದಯವಿಟ್ಟು ಇಂಥದ್ದನ್ನ ಬೇರೆ ಗುಂಪಿಗೂ ಕಳಿಸಬೇಡಿ.

ಬಸವನಗುಡಿಯ ಸದಸ್ಯೆ: ಚಿತ್ರಾನ್ನ ರಾತ್ರಿಯೇ ಕಲಸಿಡಬಹುದಾ ಮೇಡಂ?

ಡಯಟಿಷಿಯನ್: ಮೇಲೆ ಓದಿ.

ಯಲಹಂಕದ ಸದಸ್ಯ: ಪುಳಿಯೋಗರೆ?

ಡಯಟಿಷಿಯನ್: ಗೊಜ್ಜು ಹುಳಿಯಾಗಿದ್ದು ಪ್ರತಿ ಅಗುಳಿಗೂ ಹಿಡಿದಿದ್ರೆ ಚಿತ್ರಾನ್ನಕ್ಕಿಂತ ವಾಸಿ. ಅನ್ನ ಮಾತ್ರ ಆ ಬೆಳಿಗ್ಗೆಯದೇ ಆಗಿರಬೇಕು, ಅಗಲ ತಟ್ಟೇಲಿ ಹರವಿ ಬೇಗ ಆರಿಸಿ ಕಲಸಿ. ನಿನ್ನೆ ರಾತ್ರಿಯ ವಿಷವನ್ನ ಹುಣಸೆಹಣ್ಣು ತೆಗೆಯಲ್ಲ.

ನಾಗರಬಾವಿಯ ಸದಸ್ಯೆ: ನಮ್ಮ ಕಡೆ ಈ ತಾಪತ್ರಯವೇ ಇಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡ್ರೆ ವಾರಗಟ್ಟಲೆ ಇರ್ತಾವ್ರೀ.

ಮಲ್ಲೇಶ್ವರದ ಸದಸ್ಯ: ಮಕ್ಕಳು ಹಲ್ಲು ಮುರ್ಕೋತಾರೆ ಅಷ್ಟೆ. ಮದ್ದೂರಲ್ಲಿ ನಿಲ್ಲಿಸಿ ವಡೆ ತಿನ್ನಿ, ಮುಗೀತು.

ನಾಗರಬಾವಿಯ ಸದಸ್ಯೆ: ಎಕ್ಸ್‌ಪ್ರೆಸ್‌ವೇನಲ್ಲಿ ಹೋದ್ರೆ ಮದ್ದೂರು ಊರೊಳಗ ಹೋಗೋದೇ ಇಲ್ಲ. ಮತ್ತ ಐದು ಮಂದಿ ಹೋಟೆಲ್ ಬಿಲ್ ನೀವು ಕೊಡ್ತೀರೇನು? ಪ್ರಶ್ನೆ ಇರೋದೇ ಕಡಿಮೆ ಖರ್ಚಿಂದು.

ಡಯಟಿಷಿಯನ್: ಖಡಕ್ ರೊಟ್ಟಿ ಬಹಳ ಒಳ್ಳೇ ಬುತ್ತಿ. ನೀರಿನಂಶ ಇಲ್ಲದ್ದು ಬೇಗ ಕೆಡಲ್ಲ.

ಹೆಬ್ಬಾಳದ ಸದಸ್ಯ: ಬೇಯಿಸಿದ ಮೊಟ್ಟೆ ಒಯ್ಯಬಹುದಾ? ಅಗ್ಗ, ಹೊಟ್ಟೆಯೂ ತುಂಬುತ್ತೆ.

ಬಸವನಗುಡಿಯ ಸದಸ್ಯೆ: ನವರಾತ್ರೀಲಿ ಮೊಟ್ಟೆ ಮಾತು ಈ ಗುಂಪಲ್ಲಿ ಬೇಕಾ?

ಹೆಬ್ಬಾಳದ ಸದಸ್ಯ: ನಿಮ್ಮ ಡಬ್ಬಿಗೆ ಹಾಕ್ತೀನಿ ಅಂದ್ನಾ? ನಮ್ಮ ಮನೆ ಮಕ್ಕಳ ಊಟ ನಮ್ಮದು.

ಬಸವನಗುಡಿಯ ಸದಸ್ಯೆ: ಮಾತು ಸರಿಯಾಗಿ ಆಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಡಯಟಿಷಿಯನ್: ಮೊಟ್ಟೆ ಒಯ್ಯಬಹುದು. ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಸಿಪ್ಪೆ ತೆಗೀಬೇಡಿ, ಎರಡು ಗಂಟೆ ಮೀರೋದಾದ್ರೆ ಐಸ್ ಜೊತೆ ಇಡಿ.

ಕೆಂಗೇರಿಯ ಸದಸ್ಯೆ: ಸ್ಟೀಲ್ ಕ್ಯಾರಿಯರ್ ಒಳ್ಳೇದಾ, ಕ್ಯಾಸರೋಲ್ ಒಳ್ಳೇದಾ?

ಮಲ್ಲೇಶ್ವರದ ಸದಸ್ಯ: ಎಂಟು ತಿಂಗಳ ಮೊಮ್ಮಗು ಬರ್ತಿದೆ. ಕಾರಲ್ಲಿ ವಾಂತಿ ಬರದಿರಲಿ ಅಂತ ಜೇನು ನೆಕ್ಕಿಸಿದ್ರೆ ಸಾಕು ಅಂತ ಇನ್ನೊಂದು ಫಾರ್ವರ್ಡ್ ಇದೆ.

ಡಯಟಿಷಿಯನ್: ಒಂದು ವರ್ಷ ತುಂಬದ ಮಗುವಿಗೆ ಜೇನು ಒಂದು ತೊಟ್ಟೂ ಬೇಡ. ಜೇನಲ್ಲಿ ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಎಳೇ ಕರುಳಲ್ಲಿ ಅವು ಬೆಳೆದು ನರಗಳನ್ನ ಸೋಲಿಸೋ ವಿಷ ಬಿಡ್ತವೆ, ಉಸಿರಾಟಕ್ಕೇ ತೊಂದರೆಯಾಗುತ್ತೆ.

ಮಲ್ಲೇಶ್ವರದ ಸದಸ್ಯ: ನಮ್ಮ ತಾಯಿ ನಮಗೆಲ್ಲ ನೆಕ್ಕಿಸಿದ್ರು. ನಾವು ಬದುಕಿಲ್ವಾ?

ಡಯಟಿಷಿಯನ್: ಸರ್, ನೀವು ಕೇಳಿದ್ರಿ, ನಾನು ಹೇಳಿದೆ. ಮಗುವಿನ ತಾಯಿಗೆ ಈ ಉತ್ತರ ತೋರಿಸಿ. ರಾಗಿ ಹಿಟ್ಟು ಒಣಗಿದ್ದನ್ನೇ ಒಯ್ದು, ಬೇಕಾದಾಗ ಒಲೆ ಸಿಗೋ ಕಡೆ, ಕುದಿಸಿ ಆರಿಸಿದ ನೀರಲ್ಲಿ ರಾಗಿ ಸರಿ ಕಾಯಿಸಿ ಕೊಡಲಿ. ಬೆಳಿಗ್ಗೆ ಕಾಯಿಸಿದ್ದನ್ನ ಮಧ್ಯಾಹ್ನ ತಿನ್ನಿಸೋದು ಬೇಡ.

ಯಲಹಂಕದ ಸದಸ್ಯ: ಮೊಸರನ್ನ ಮೇಡಂ? ಹಾಲು ಜಾಸ್ತಿ ಹಾಕಿ ಕಲಸಿದ್ರೆ ಹುಳಿಯಾಗಲ್ಲ ಅಂತಾರೆ.

ಡಯಟಿಷಿಯನ್: ಒಂದೇ ಪ್ರಶ್ನೆ ಅಂದಿದ್ರು. ಅನ್ನದ ಬದಲು ಪೇಪರ್ ಅವಲಕ್ಕಿ ಒಯ್ಯಿರಿ, ಊಟದ ಹೊತ್ತಿಗೆ ಅಂಗಡಿಯಿಂದ ತಣ್ಣಗಿನ ನಂದಿನಿ ಮೊಸರು ತಗೊಂಡು ಕಲಸಿ. ಉಪ್ಪು, ಹುರಿಗಡಲೆ, ಚಟ್ನಿಪುಡಿ. ಒಲೆ ಹಚ್ಚೋ ಕೆಲಸವೇ ಇಲ್ಲ, ಖರ್ಚೂ ಕಮ್ಮಿ. ಕಾಯಿ ಚಟ್ನಿ ಮಾತ್ರ ಯಾರೂ ಕಟ್ಟಿಕೊಂಡು ಹೋಗಬೇಡಿ, ಬೇಗ ಹಳಸುತ್ತೆ.

ರಾಜಾಜಿನಗರದ ಸದಸ್ಯೆ: ಲೇಟಾಗಿ ಬಂದೆ, ಸಾರಿ. ಚಿತ್ರಾನ್ನ ರಾತ್ರಿಯೇ ಕಲಸಿಟ್ರೆ ಪರವಾಗಿಲ್ವಾ?

ಡಯಟಿಷಿಯನ್: ಬೇಡ.

ಕೆಂಗೇರಿಯ ಸದಸ್ಯೆ: ಮೇಡಂ, ಕ್ಯಾರಿಯರ್ ಪ್ರಶ್ನೆ?

ನಾಗರಬಾವಿಯ ಸದಸ್ಯೆ: ಖಡಕ್ ರೊಟ್ಟಿ ಬೇಕಾದವರು ನನಗೆ ಮೆಸೇಜ್ ಮಾಡ್ರಿ, ನಮ್ಮ ಬೀದೀಲಿ ಮಾಡಿ ಕೊಡೋರು ಇದ್ದಾರ. ಮಲ್ಲೇಶ್ವರದವರು ಬಿಟ್ಟು.